ಯಾರೂ ಹಚ್ಚದ ಹಸಿರು: ಶಿಗರಾಕಿ ಆವಿಗೆ ಮುಂದೆ ಐದು ರಾತ್ರಿ

ಒಸಾಕಾದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೇಲಿ ಒಬ್ರು ಅಜ್ಜಿ ಇದಾರೆ, ನಲವತ್ತು ವರ್ಷದಿಂದ ಚಾನೊಯು ಮಾಡ್ತಾ ಬಂದವರು, ಅಂದ್ರೆ ಮಾಚ್ಚಾ ಅನ್ನೋ ಹಸಿರು ಚಹಾ ಪುಡೀನ ಬಟ್ಟಲಿಗೆ ಹಾಕಿ ಬಿಸಿನೀರು ಬಿಟ್ಟು ಬಿದಿರಿನ ಕಡಗೋಲಲ್ಲಿ ನೊರೆ ಬರೋ ತನಕ ಕಡೆದು ಕೊಡೋ ಆ ಚಹಾ ಪದ್ಧತಿ. ಒಂದು ಭಾನುವಾರ ಕರೆದು ಕೂರಿಸಿ ಚಹಾ ಕೊಟ್ರು. ಚಹಾಕ್ಕಿಂತ ಹೆಚ್ಚು ನೆನಪಿರೋದು ಆ ಬಟ್ಟಲು. ಒಂದು ಕಡೆ ಸುಟ್ಟ ರೊಟ್ಟಿ ತರ ಕಂದು, ಕೈ ಆಡಿಸಿದ್ರೆ ಮರಳು ಸಿಗೋ ಅಷ್ಟು ಒರಟು, ಇನ್ನೊಂದು ಕಡೆ ತಿಳಿ ಹಸಿರು ಗಾಜು ಅಂಚಿಂದ ಕೆಳಗೆ ಇಳೀತಾ ಬಂದು ಅರ್ಧದಲ್ಲೇ ನಿಂತುಬಿಟ್ಟಿದೆ, ತುದೀಲಿ ಒಂದು ಹನಿ, ಮಳೆಗಾಲದಲ್ಲಿ ಕೆಸುವಿನ ಎಲೆ ಮೇಲೆ ನಿಂತಿರುತ್ತಲ್ಲ ಆ ತರ. ಈ ಹಸಿರು ಯಾವ ಬಣ್ಣದಿಂದ ಹಚ್ಚಿದ್ದು ಅಂತ ಕೇಳ್ದೆ. "ಯಾರೂ ಹಚ್ಚಿಲ್ಲಮ್ಮ, ಸೌದೆ ಬೂದಿ ಹಾರಿ ಬಂದು ಕೂತಿದ್ದು ಅದು" ಅಂದ್ರು.

ನಾನು ಹೊನ್ನಾವರದ ಕಡೆಯವಳು. ಬೂದಿ ಅಂದ್ರೆ ನಮಗೆ ಬಚ್ಚಲೊಲೆ ಬೂದಿ, ಪಾತ್ರೆ ತಿಕ್ಕೋಕೆ, ತೆಂಗಿನ ಬುಡಕ್ಕೆ ಹಾಕೋಕೆ. ಅದೇ ಬೂದಿ ಗಾಜಾಗುತ್ತೆ ಅಂದ್ರೆ ನಂಬೋಕೇ ಆಗ್ಲಿಲ್ಲ. ಮನೆಗೆ ಬಂದು ರಾತ್ರಿಯೆಲ್ಲ ಅದರ ಬಗ್ಗೆನೇ ಓದ್ತಾ ಕೂತೆ, ಮುಂದಿನ ತಿಂಗಳೇ ಅಂಥ ಬಟ್ಟಲು ಮಾಡೋ ಶಿಗರಾಕಿಗೆ ಹೋದೆ, ಹೋದ ಮೇಲೆ ಆರು ತಿಂಗಳು ಹೆಚ್ಚುಕಮ್ಮಿ ಪ್ರತಿ ಶನಿವಾರ ಅಲ್ಲೇ.

ಶಿಗರಾಕಿ ಇರೋದು ಶಿಗಾ ಪ್ರಾಂತ್ಯದ ಕೋಕಾ ಅನ್ನೋ ಊರಿನ ಬೆಟ್ಟದ ಭಾಗದಲ್ಲಿ. ಕಿಬುಕಾವಾ ಸ್ಟೇಷನ್ನಲ್ಲಿ ಇಳಿದು ಚಿಕ್ಕ ರೈಲು ಹತ್ತಬೇಕು, ಕಾಡಿನ ಮಧ್ಯೆ ಹೋಗುತ್ತೆ, ಇಳಿದ ತಕ್ಷಣ ತನುಕಿ ಅನ್ನೋ ಪ್ರಾಣಿಯ ಮಣ್ಣಿನ ಗೊಂಬೆಗಳು ಎಲ್ಲಿ ನೋಡಿದ್ರೂ ಸಾಲಾಗಿ ನಿಂತಿರ್ತವೆ. ಪ್ರವಾಸಿಗಳು ಅದನ್ನ ನೋಡೋಕೇ ಬರ್ತಾರೆ. ಆದ್ರೆ ಊರಿನ ಅಸಲು ಹಳೇ ಕಸುಬು ಗಡಿಗೆ, ಕುಡಿಕೆ. ಜಪಾನಲ್ಲಿ ಮಧ್ಯಕಾಲದಿಂದ ಇವತ್ತಿನ ತನಕ ಬೆಂಕಿ ಆರದೆ ಉಳಿದ ಆರು ಹಳೇ ಕುಂಬಾರಿಕೆ ಊರುಗಳಿವೆ, ಸೆತೊ, ತೊಕೊನಾಮೆ, ಎಚಿಜೆನ್, ಶಿಗರಾಕಿ, ತಂಬಾ, ಬಿಜೆನ್, ಈ ಆರನ್ನೂ ಸೇರಿಸಿ 2017ರಲ್ಲಿ ಜಪಾನ್ ಪರಂಪರೆ ಅಂತ ಸರ್ಕಾರ ಗುರುತಿಸಿದೆ.

ನನಗೆ ಕಲಿಸಿದ ಸೆನ್ಸೇಗೆ, ಅಂದ್ರೆ ಗುರುಗಳಿಗೆ, ಎಪ್ಪತ್ತರ ಮೇಲೆ ವಯಸ್ಸು. ಮಾತು ಕಮ್ಮಿ. ಮೊದಲ ದಿನ ಒಂದು ಮುಷ್ಟಿ ಮಣ್ಣು ಕೊಟ್ಟು ಬೆರಳಲ್ಲಿ ಉಜ್ಜಿ ನೋಡಿ ಅಂದ್ರು. ಜೇಡಿ ಮಣ್ಣು ನುಣ್ಣಗೆ ಬೆಣ್ಣೆ ತರ ಇರುತ್ತೆ ಅಂದ್ಕೊಂಡಿದ್ದೆ, ಇದ್ರಲ್ಲಿ ಅಕ್ಕಿ ನುಚ್ಚಿನಷ್ಟು ದಪ್ಪ ಬಿಳೀ ಕಲ್ಲಿನ ಚೂರು. ಬೀವಾ ಸರೋವರ ಇವತ್ತು ಇರೋ ಜಾಗದಲ್ಲಿ ಮೊದಲಿಂದ ಇರ್ಲಿಲ್ಲವಂತೆ, ಸುಮಾರು 40 ಲಕ್ಷ ವರ್ಷದ ಹಿಂದೆ ದಕ್ಷಿಣಕ್ಕೆ ಇಗಾ ಕಡೆ ಹುಟ್ಟಿ ನಿಧಾನಕ್ಕೆ ಉತ್ತರಕ್ಕೆ ಸರೀತಾ ಬಂತು, ಹಾಗೆ ಸರಿಯೋವಾಗ ಬಿಟ್ಟು ಹೋದ ಕೆಸರೇ ಈ ಮಣ್ಣು. ಬಿಳೀ ಚೂರು ಫೆಲ್ಡ್‌ಸ್ಪಾರ್ ಅನ್ನೋ ಖನಿಜ, ಬೆಂಕೀಲಿ ಕರಗಿ ಮೈಮೇಲೆ ಬಿಳೀ ಚುಕ್ಕಿಯಾಗಿ ಹೊರಗೆ ಬರುತ್ತೆ, ಅದಕ್ಕೆ ಅಲ್ಲಿಯವರು ಏಡಿಯ ಕಣ್ಣು ಅಂತಾರೆ. ಎಂಥಾ ಚಂದದ ಹೆಸರು ನೋಡಿ. ಸಮುದ್ರದ ದಂಡೇಲಿ ಏಡಿ ಬಿಲದಿಂದ ಕಣ್ಣು ಮಾತ್ರ ಹೊರಗೆ ಹಾಕಿ ನೋಡುತ್ತಲ್ಲ, ಥೇಟ್ ಅದೇ.

ಮಣ್ಣು ನಾದುತ್ತಾ ಸೆನ್ಸೇ ಒಂದು ವಿಷಯ ಹೇಳಿದ್ರು, ಅದು ನನ್ನ ತಲೇಲಿ ಕೂತುಬಿಡ್ತು. ಶಿಗರಾಕಿ ಕುಂಬಾರರು ಚಹಾಕ್ಕೆ ಅಂತ ಏನೂ ಮಾಡ್ತಿರ್ಲಿಲ್ಲ, ರೈತರ ಮನೆಗೆ ಬಿತ್ತನೆ ಬೀಜ ಇಡೋ ಕುಡಿಕೆ, ನೀರಿನ ಗಡಿಗೆ, ನಾರು ತೆಗೆಯೋ ಹೆಂಗಸರ ತೊಟ್ಟಿ, ಇಷ್ಟೇ. 15ನೇ ಶತಮಾನದಲ್ಲಿ ಮುರಾತಾ ಜುಕೊ, ಆಮೇಲೆ ಸೆನ್ ನೊ ರಿಕ್ಯು ತರದ ಚಹಾ ಪದ್ಧತಿಯ ಗುರುಗಳು ಬಂದು, ಚೀನಾದಿಂದ ಬರ್ತಿದ್ದ ನಯವಾದ ಬಟ್ಟಲುಗಳ ಜೊತೆಗೇ ಈ ಒರಟು ಸಾಮಾನಿನ ಕಡೆಗೂ ಕಣ್ಣು ಹಾಕಿದ್ರು. ಬೀಜದ ಸಣ್ಣ ಕುಡಿಕೇನ ಹೂವು ಇಡೋಕೆ ಬಳಸಿದ್ರು, ಅದಕ್ಕೆ ಉಜುಕುಮರು ಅಂತ ಹೆಸರು, ಮುದುಡಿ ಕೂತವನು ಅಂತ ಅರ್ಥ. ನಾರಿನ ತೊಟ್ಟಿ ತಣ್ಣೀರಿನ ಪಾತ್ರೆ ಆಯ್ತು. ಹೊಲದ ಮನೆಯ ಪಾತ್ರೆ, ಒಂದು ಚೂರೂ ಬದಲಿಸದೆ, ಹಾಗೇ ಎತ್ತಿ ತಂದು ಗೌರವದ ಜಾಗದಲ್ಲಿ ಇಟ್ಟರು ಅನ್ನೋದು ನನಗೆ ಈಗಲೂ ದೊಡ್ಡ ವಿಷಯ ಅನ್ಸುತ್ತೆ.

ಬಟ್ಟಲು ಮಾಡೋದು ಕೈಯಲ್ಲೇ. ಸಣ್ಣ ತಿಗರಿ ಮೇಲೆ ತಳ ಇಟ್ಟು, ಮಣ್ಣನ್ನ ಹಗ್ಗದ ತರ ಹೊಸೆದು ಸುತ್ತುತ್ತಾ ಗೋಡೆ ಎಬ್ಬಿಸಿ, ಬೆರಳಲ್ಲಿ ಒತ್ತಿ ಒತ್ತಿ ತೆಳ್ಳಗೆ ಮಾಡೋದು. ಒಣಗಿ ಸುಟ್ಟ ಮೇಲೆ ಕುಗ್ಗುತ್ತೆ, ಅದಕ್ಕೆ ಬಾಯಿ 14 ಸೆಂಟಿಮೀಟರ್ ಮಾಡಿದ್ರೆ ಕೊನೆಗೆ 12 ಉಳಿಯುತ್ತೆ. ಅರ್ಧ ಒಣಗಿದಾಗ ಬೋರಲು ಹಾಕಿ ಕೆಳಗಿನ ಕಾಲು ಕೆತ್ತಬೇಕು, ಆ ಉಂಗುರಕ್ಕೆ ಕೊದಾಯ್ ಅಂತಾರೆ. ಚಹಾ ಬಲ್ಲವರು ಕುಡಿದಾದ ಮೇಲೆ ಬಟ್ಟಲನ್ನ ಮಗುಚಿ ಮೊದಲು ಅದನ್ನೇ ನೋಡೋದು, ಯಾಕಂದ್ರೆ ಮಣ್ಣು ಹೇಗಿದೆ, ಕೈ ಹೇಗಿತ್ತು ಎಲ್ಲ ಅಲ್ಲೇ ಗೊತ್ತಾಗುತ್ತೆ. ನಾನು ಮಾಡಿದ ಮೊದಲ ಬಟ್ಟಲು ತೂಕ ಹಾಕಿದ್ರೆ 600 ಗ್ರಾಂ ಮೇಲೆ ಇತ್ತು. ಸೆನ್ಸೇ ತಮ್ಮದೊಂದನ್ನ ಕೈಗೆ ಕೊಟ್ರು, ನೋಡೋಕೆ ಅಷ್ಟೇ ದಪ್ಪ, ಎತ್ತಿದ್ರೆ ಹಗುರ, 380 ಗ್ರಾಂ. ದಪ್ಪ ಇರಬೇಕಾದ್ದು ಅಂಚು ಮತ್ತೆ ಸೊಂಟ, ಉಳಿದ ಕಡೆ ಒಳಗಿಂದ ಕೆತ್ತಿ ತೆಗೀಬೇಕು, ಇದು ಕೈಗೆ ಹತ್ತೋಕೆ ನನಗೆ ನಾಲ್ಕು ತಿಂಗಳು ಹಿಡೀತು. ಕೊನೆಗೆ ಐದು ಬಟ್ಟಲು ಮಾಡಿದೆ, ಒಂದು ಒಣಗೋವಾಗ ಕಾಲಿನ ಹತ್ರ ಬಿರುಕು ಬಿಡ್ತು, ಇನ್ನೊಂದನ್ನ ಸೆನ್ಸೇ ನೋಡಿ ತಲೆ ಆಡಿಸಿ ಮತ್ತೆ ನೀರಲ್ಲಿ ನೆನೆ ಹಾಕಿದ್ರು. ಉಳಿದಿದ್ದು ಮೂರು.

ಪಾತ್ರೆ ಸುಡೋ ಆವಿಗೆ ಅನಾಗಾಮ, ಅಂದ್ರೆ ಬಿಲದ ಆವಿಗೆ. 5ನೇ ಶತಮಾನದಲ್ಲಿ ಕೊರಿಯಾ ಕಡೆಯಿಂದ ಜಪಾನಿಗೆ ಬಂದ ಮಾದರಿ, ಬೆಟ್ಟದ ಇಳಿಜಾರಿಗೆ ಒರಗಿಕೊಂಡಿರೋ ಒಂದೇ ಕೋಣೆ, ಕೆಳಗಡೆ ಬಾಯೀಲಿ ಬೆಂಕಿ, ಮೇಲ್ಗಡೆ ತುದೀಲಿ ಹೊಗೆ ಗೂಡು. ಬೆಂಕಿಗೂ ಪಾತ್ರೆಗೂ ಮಧ್ಯೆ ಗೋಡೆನೇ ಇಲ್ಲ, ಅದೇ ಇದರ ಗುಟ್ಟು. ಜ್ವಾಲೆ ಬೂದಿ ಎತ್ಕೊಂಡು ನೇರ ಪಾತ್ರೆಗಳ ಮಧ್ಯೆ ನುಗ್ಗಿ ಹೋಗುತ್ತೆ. ಬಾಯಿ ಹತ್ರ ಇಟ್ಟದ್ದಕ್ಕೆ ಬೂದಿ ರಾಶಿ, ಮಧ್ಯದಲ್ಲಿ ಇಟ್ಟದ್ದಕ್ಕೆ ಅರ್ಧಂಬರ್ಧ, ಹಿಂದಿನದಕ್ಕೆ ಬರೀ ಜ್ವಾಲೆ. ಹಾಗಾಗಿ ಎಲ್ಲಿ ಇಡ್ತೀವಿ ಅನ್ನೋದೇ ಬಣ್ಣ ಹಚ್ಚಿದ ಹಾಗೆ. ತುಂಬೋಕೇ ಎರಡು ದಿನ ಆಯ್ತು, ಸೆನ್ಸೇ ಒಳಗೆ ಮಂಡಿಯೂರಿ ಕೂತು ಒಂದೊಂದನ್ನೂ ಕೈಗೆ ತಗೊಂಡು, ಜ್ವಾಲೆ ಎಲ್ಲಿಂದ ಬಂದು ಎಲ್ಲಿ ತಿರುಗುತ್ತೆ ಅಂತ ಗಾಳೀಲಿ ಕೈ ಆಡಿಸಿ ನೋಡಿ ಇಡೋರು. ನನ್ನ ಮೂರಲ್ಲಿ ಒಂದನ್ನ ಬೆಂಕಿ ಬಾಯಿ ಪಕ್ಕ, ಒಂದನ್ನ ಮಧ್ಯ, ಒಂದನ್ನ ಹಿಂದೆ ಇಟ್ರು. ಮಧ್ಯದ್ದನ್ನ ನಿಲ್ಲಿಸ್ಲಿಲ್ಲ, ಪಕ್ಕಕ್ಕೆ ಮಲಗಿಸಿದ್ರು, ಕೆಳಗೆ ಮೂರು ಕಪ್ಪೆಚಿಪ್ಪು, ಒಳಗೆ ಮಣ್ಣು ತುಂಬಿದ್ದು. ಗಾಜು ಕರಗಿ ಹರಿದ್ರೆ ಬಟ್ಟಲು ನೆಲಕ್ಕೆ ಅಂಟಿಕೊಳ್ಳಬಾರದಲ್ಲ, ಚಿಪ್ಪಿದ್ರೆ ಬಿಡಿಸ್ಕೊಂಡು ಬರುತ್ತೆ.

ನವೆಂಬರ್, ಚಳಿ ಶುರುವಾಗಿತ್ತು. ಆವಿಗೆ ಬಾಯಿ ಮೇಲೆ ಉಪ್ಪು, ಅಕ್ಕಿ, ಸಾಕೆ ಅನ್ನೋ ಅಕ್ಕಿ ಮದ್ಯ ಇಟ್ಟು ಎಲ್ಲರೂ ಎರಡು ಸಲ ಚಪ್ಪಾಳೆ ತಟ್ಟಿ ಕೈ ಮುಗಿದ್ವಿ. ಮೊದಲ ದಿನ ಏನೂ ಅವಸರ ಇಲ್ಲ, ಬಾಯಿಯ ಹೊರಗೇ ಸಣ್ಣ ಬೆಂಕಿ. ನಮ್ಮ ಪಾತ್ರೆಗಳನ್ನ ಒಮ್ಮೆನೂ ಸುಟ್ಟಿರ್ಲಿಲ್ಲ, ಹಸಿ ಒಣಗಿಸಿ ನೇರ ಒಳಗೆ ಇಟ್ಟಿದ್ದು, ಮಣ್ಣಿನ ಒಳಗಿರೋ ನೀರು ಆವಿಯಾಗಿ ಹೊರಗೆ ಹೋಗೋ ಮೊದಲೇ ಬಿಸಿ ಏರಿಸಿದ್ರೆ ಒಡೆದು ಚೂರಾಗುತ್ತೆ. ಎರಡನೇ ರಾತ್ರಿ 800 ಡಿಗ್ರಿ. ಮೂರನೇ ದಿನ ಬೆಳಗಿನ ಜಾವ 1150. ಅಲ್ಲಿಂದಾಚೆ ಬೂದಿಯ ಕೆಲಸ.

ನಂದು ರಾತ್ರಿ ಶಿಫ್ಟ್, ಹತ್ತರಿಂದ ಬೆಳಗ್ಗೆ ಆರು. ಜೊತೆಗೆ ಒಬ್ರು ರಿಟೈರ್ ಆದ ಸ್ಕೂಲ್ ಮೇಷ್ಟ್ರು, ತೈವಾನಿಂದ ಕಲಿಯೋಕೆ ಬಂದ ಒಬ್ಳು ಹುಡುಗಿ. ಸೌದೆ ಎಲ್ಲ ಕೆಂಪು ಪೈನ್, ಮಣಿಕಟ್ಟಿನ ಗಾತ್ರಕ್ಕೆ ಸೀಳಿ ಎರಡು ವರ್ಷ ಒಣಗಿಸಿದ್ದು, ಒಟ್ಟು ನಾಲ್ಕು ಟನ್. ಈ ಮರದಲ್ಲಿ ರಾಳ ಜಾಸ್ತಿ, ಜ್ವಾಲೆ ಉದ್ದಕ್ಕೆ ಹೋಗುತ್ತೆ, ಬೂದಿ ಹಗುರ, ಹಾರೋಕೆ ಸುಲಭ. ಪಶ್ಚಿಮ ಜಪಾನಲ್ಲಿ ಒಂದು ಸಣ್ಣ ಹುಳದ ರೋಗದಿಂದ ಪೈನ್ ಮರಗಳು ಗುಡ್ಡಗುಡ್ಡವೇ ಒಣಗಿ ಹೋಗಿವೆ, ಒಳ್ಳೇ ಸೌದೆ ಸಿಗೋದೇ ಕಷ್ಟ ಅಂತ ಸೆನ್ಸೇ ಒಂದೊಂದು ಸೌದೇನೂ ಕೈಯಲ್ಲಿ ತೂಗಿ ನೋಡಿ ಕೊಡೋರು. ಅಡಿಕೆ ತೋಟಕ್ಕೆ ರೋಗ ಬಂದ ವರ್ಷ ನಮ್ಮ ಊರಲ್ಲಿ ಹಿರಿಯರು ಮರ ನೋಡ್ತಿದ್ದ ರೀತಿನೇ ಅದು.

ಸೌದೆ ಹಾಕೋಕೆ ಒಂದು ತಾಳ ಇದೆ. ಬಾಗಿಲು ಸರಿಸಿ ನಾಲ್ಕೈದು ಸೌದೆ ಒಳಗೆ ಎಸೆದ ತಕ್ಷಣ ಆವಿಗೆ ಒಳಗೆ ಗಾಳಿ ಸಾಲದೆ ಒದ್ದಾಡುತ್ತೆ, ಹೊಗೆ ಗೂಡಿಂದ ಕಪ್ಪು ಹೊಗೆ, ಆಮೇಲೆ ಕೆಂಪು ಜ್ವಾಲೆ, ಪಕ್ಕದ ಸಣ್ಣ ತೂತಿಂದಲೂ ನಾಲಿಗೆ ತರ ಜ್ವಾಲೆ ಹೊರಗೆ ಬರುತ್ತೆ. ಮೂರ್ನಾಲ್ಕು ನಿಮಿಷಕ್ಕೆ ಆ ನಾಲಿಗೆ ಒಳಗೆ ಹೋಗುತ್ತೆ, ಒಳಗೆಲ್ಲ ತಿಳಿಯಾಗುತ್ತೆ, ಆಗ ಮತ್ತೆ ಹಾಕ್ಬೇಕು. ಗಾಳಿ ಸಾಲದೆ ಇರೋ ಆ ಹೊತ್ತಲ್ಲೇ ಜ್ವಾಲೆ ಮಣ್ಣು, ಬೂದಿ ಒಳಗಿನ ಕಬ್ಬಿಣದಿಂದ ಆಮ್ಲಜನಕ ಕಿತ್ಕೊಳ್ಳುತ್ತೆ, ಹಾಗೆ ಆಮ್ಲಜನಕ ಕಳ್ಕೊಂಡ ಕಬ್ಬಿಣವೇ ಗಾಜಿಗೆ ಹಸಿರು ಕೊಡೋದು. ಬೂದೀಲಿ ಇರೋದು ಮುಖ್ಯವಾಗಿ ಸುಣ್ಣ, ಪೊಟ್ಯಾಶ್. ಮಣ್ಣಿನ ಮರಳು ತಾನಾಗಿ ಕರಗಬೇಕಂದ್ರೆ 1700 ಡಿಗ್ರಿ ಬೇಕು, ಈ ಸುಣ್ಣ, ಪೊಟ್ಯಾಶ್ ಮೇಲೆ ಕೂತ್ರೆ 1250ರ ಆಸುಪಾಸಲ್ಲೇ ಎರಡೂ ಸೇರಿ ಗಾಜಾಗಿ ಹರಿಯುತ್ತೆ. ಒಂದು ರಾತ್ರಿ ಬೂದಿ ಕೂತ್ರೆ ತೆಳು ಪೊರೆ, ಮೂರು ರಾತ್ರಿ ಕೂತ್ರೆ ಹನಿ. ಬೇರೆ ದಾರಿ ಇಲ್ಲ, ರಾತ್ರಿಯೆಲ್ಲ ಎದ್ದಿರಬೇಕು ಅಷ್ಟೇ.

ನಾಲ್ಕನೇ ರಾತ್ರಿ ತಪ್ಪು ನಂದೇ. ಸುಮಾರು ಒಂದೂವರೆ ಗಂಟೆ ಹೊತ್ತಿಗೆ ಮೇಷ್ಟ್ರು ಮಲಗೋಕೆ ಹೋಗಿದ್ರು, ಬಿಸಿ ತೋರಿಸೋ ಮೀಟರ್ 1248ರಿಂದ ಸ್ವಲ್ಪ ಇಳೀತು, ಗಾಬರಿಯಾಗಿ ದಪ್ಪ ಸೌದೆ ಬೇಗ ಬೇಗ ಹಾಕ್ದೆ, ಇಳೀತಾನೇ ಹೋಯ್ತು, ಇನ್ನೂ ಹಾಕ್ದೆ. ಸೌದೆ ಉರಿಯೋಕೆ ಗಾಳಿ ಇಲ್ಲದೆ ಕೆಂಡ ಆಗಿ ರಾಶಿ ಬೀಳ್ತಾ ಹೋಯ್ತು, 1205ಕ್ಕೆ ಬಂತು. ತೈವಾನ್ ಹುಡುಗಿ ಓಡಿ ಹೋಗಿ ಸೆನ್ಸೇನ ಎಬ್ಬಿಸಿಕೊಂಡು ಬಂದ್ಳು. ಅವರು ಬಂದು ಒಂದು ಮಾತೂ ಬೈಲಿಲ್ಲ. ಕೆಳಗಿನ ಗಾಳಿ ತೂತಿನ ಇಟ್ಟಿಗೆ ಎರಡು ತೆಗೆದ್ರು, ಉದ್ದ ಕಬ್ಬಿಣದ ಸಲಾಕೆ ಹಾಕಿ ಕೆಂಡ ಹರಡಿದ್ರು, ಆಮೇಲೆ ನನ್ನ ಪಕ್ಕ ಮರದ ದಿಮ್ಮಿ ಮೇಲೆ ಕೂತು, "ಮೀಟರ್ ನೋಡ್ಬೇಡಿ, ಸದ್ದು ಕೇಳಿ" ಅಂದ್ರು. ಕಣ್ಣು ಮುಚ್ಚಿ ಕೇಳಿದೆ. ಸೌದೆ ಹಾಕಿದಾಗ ಗುಂಯ್ ಅನ್ನೋ ಭಾರದ ಸದ್ದು, ಅದು ನಿಧಾನಕ್ಕೆ ಹಗುರ ಆಗಿ ಕೊನೆಗೆ ಉಸಿರು ಎಳೆದ ಹಾಗೆ ಒಂದು ಸದ್ದು ಬರುತ್ತೆ, ಅದೇ ಹೊತ್ತು ಮುಂದಿನ ಸೌದೆಗೆ. ಊರಲ್ಲಿ ಅಮ್ಮ ಬಚ್ಚಲೊಲೆ ಮುಂದೆ ಇರದೆ ಅಡುಗೆಮನೆಯಿಂದಲೇ "ಉರಿ ಕಮ್ಮಿ ಆಯ್ತು, ಸೌದೆ ತಳ್ಳು" ಅಂತಿದ್ದಿದ್ದು ಹೇಗೆ ಅಂತ ಆಗ ಗೊತ್ತಾಯ್ತು. ಎರಡು ಗಂಟೆ ಬೇಕಾಯ್ತು ಮತ್ತೆ 1250ಕ್ಕೆ ಬರೋಕೆ.

ಕೊನೇ ರಾತ್ರಿ ಮೂರು ಗಂಟೆಗೆ ಇರೋಮಿ ತೆಗೆದ್ರು. ಅದೊಂದು ಸಣ್ಣ ಮಣ್ಣಿನ ಬಳೆ, ಬೂದಿ ಎಷ್ಟು ಕರಗಿದೆ ನೋಡೋಕೆ ಅಂತಲೇ ಮೊದಲೇ ಒಳಗೆ ಇಟ್ಟಿರ್ತಾರೆ. ಸಲಾಕೆ ತುದೀಲಿ ಸಿಕ್ಕಿಸಿ ಹೊರಗೆ ತೆಗೆದಾಗ ಕೆಂಪೂ ಅಲ್ಲ, ನಿಂಬೆಹಣ್ಣಿನ ಬಿಳಿಚು ಹಳದಿ, ಹೊಳೀತಾ ಇತ್ತು, ಒಳಗಿಂದ ದೀಪ ಹಚ್ಚಿದ ಹಾಗೆ. ನೋಡ್ತಾ ನೋಡ್ತಾ ಕಿತ್ತಳೆ, ಕಡು ಕೆಂಪು, ಆಮೇಲೆ ನೀರಿನ ಬಕೆಟ್ಟಿಗೆ ಅದ್ದಿದಾಗ ಚುಂಯ್ ಅಂತು. ಟಾರ್ಚ್ ಬಿಟ್ಟು ನೋಡಿದ್ವಿ, ಬಳೆಯ ಒಂದು ಕಡೆ ಹಸಿರು ಗಾಜು, ಒಳಗೆ ಸೂಜಿ ಮೊನೆಯಷ್ಟು ಸಣ್ಣ ಗುಳ್ಳೆಗಳು. ಈ ಹಸಿರು ಗಾಜಿಗೆ ಬಿದೊರೊ ಅಂತಾರೆ, ಪೋರ್ಚುಗೀಸರ ಭಾಷೇಲಿ ಗಾಜಿಗಿರೋ ಹೆಸರೇ ಇಲ್ಲಿ ಉಳಿದಿರೋದು. ಸೆನ್ಸೇ ಅದನ್ನ ನನ್ನ ಅಂಗೈ ಮೇಲೆ ಇಟ್ಟು, "ಇನ್ನೊಂದು ಆರು ಗಂಟೆ" ಅಂದ್ರು. ಬೆಳಗ್ಗೆ ಒಂಬತ್ತೂವರೆಗೆ ಬಾಯಿ ಇಟ್ಟಿಗೆ ಕಟ್ಟಿ, ಸಂದೀಲಿ ಕೆಸರು ಮೆತ್ತಿ, ಹೊಗೆ ಗೂಡು ಮುಚ್ಚಿದ್ವಿ. ಅಷ್ಟು ದಿನ ಕಿವಿ ತುಂಬಾ ಇದ್ದ ಸದ್ದು ಒಮ್ಮೆಲೇ ನಿಂತಾಗ ಏನೋ ಕಳ್ಕೊಂಡ ಹಾಗೆ ಆಯ್ತು.

ಆರು ದಿನ ತಣಿಯೋಕೆ ಬಿಟ್ಟು ಮುಂದಿನ ಶನಿವಾರ ತೆರೆದ್ವಿ. ಇಟ್ಟಿಗೆ ತೆಗೆದಾಗ ಒಳಗಿಂದ ಇನ್ನೂ ಬೆಚ್ಚಗಿನ ಗಾಳಿ ಮುಖಕ್ಕೆ ಹೊಡೀತು. ಬೆಂಕಿ ಬಾಯಿ ಪಕ್ಕದ ನನ್ನ ಮೊದಲ ಬಟ್ಟಲು ಕೆಂಡದ ರಾಶೀಲಿ ಹೂತು ಹೋಗಿತ್ತು. ಆವತ್ತು ರಾತ್ರಿ ನಾನು ರಾಶಿ ಹಾಕಿದ ಕೆಂಡವೇ. ಅಂಚು ಒಂದು ಕಡೆ ಕುಸಿದು, ಪಕ್ಕದ ದೊಡ್ಡ ಗಡಿಗೆಗೆ ಅಂಟಿಕೊಂಡು, ಬಿಡಿಸೋಕೆ ಹೋದಾಗ ಎರಡು ಹೋಳಾಯ್ತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಎಷ್ಟು ಸಲ ಬಾಯಲ್ಲಿ ಹೇಳಿದೀನೋ, ಕೈಯಲ್ಲಿ ಆ ಹೋಳು ಹಿಡ್ಕೊಂಡು ನಿಂತಾಗ ಬೇರೇನೇ ಇತ್ತು ಅದು. ಆದ್ರೆ ಕೆಂಡ ತಾಗಿದ ಜಾಗದಲ್ಲಿ ಬೂದು, ನೀಲಿ, ಕಪ್ಪು ಸೇರಿದ ಒಂದು ಬಣ್ಣ ಬಂದಿತ್ತು, ಕೊಗೆ ಅಂತಾರೆ ಅದಕ್ಕೆ, ಆ ಹೋಳು ಈಗಲೂ ನನ್ನ ಮೇಜಿನ ಮೇಲಿದೆ. ಹಿಂದೆ ಇಟ್ಟಿದ್ದ ಮೂರನೇದಕ್ಕೆ ಬೂದಿ ತಲುಪೇ ಇಲ್ಲ, ಗಾಜಿಲ್ಲ, ಬರೀ ಜ್ವಾಲೆಯ ಬಣ್ಣ, ಸಂಜೆ ಮೋಡದ ಕಿತ್ತಳೆ. ಅದನ್ನ ಈ ಸಲ ಊರಿಗೆ ತಗೊಂಡು ಹೋಗ್ತೀನಿ, ಅಮ್ಮನಿಗೆ.

ಮಧ್ಯದ್ದು. ಎತ್ತೋಕೆ ಹೋದ್ರೆ ಚಿಪ್ಪು ಮೂರೂ ಮೈಗೆ ಅಂಟಿಕೊಂಡೇ ಬಂದ್ವು. ನೋಡೋಕೆ ಚಿಪ್ಪೇ, ಆದ್ರೆ ಸುಟ್ಟು ಸುಣ್ಣ ಆಗಿತ್ತು. ಬಕೆಟ್ ನೀರಲ್ಲಿ ಇಟ್ಟ ತಕ್ಷಣ ಸುಯ್ ಅಂತ ಬಿಸಿಯಾಗಿ ಅರಳಿ ಬಿಳೀ ಹಿಟ್ಟಾಗಿ ಉದುರಿತು, ನಮ್ಮ ಕರಾವಳೀಲಿ ಚಿಪ್ಪು ಸುಟ್ಟು ನೀರು ಹಾಕಿ ಎಲೆಯಡಿಕೆ ಸುಣ್ಣ ಮಾಡ್ತಿದ್ದ ಹಾಗೇ, ವಾಸನೆ ಸಮೇತ ಅದೇ. ಸೆನ್ಸೇಗೆ ಹೇಳಿದೆ, ನಮ್ಮಲ್ಲಿ ಇದನ್ನ ವೀಳ್ಯದೆಲೆಗೆ ಹಚ್ಚಿ ತಿಂತಾರೆ ಅಂತ. ತುಂಬಾ ಹೊತ್ತು ಆ ಬಿಳೀ ನೀರನ್ನೇ ನೋಡ್ತಾ ನಿಂತ್ರು. ಚಿಪ್ಪು ಹೋದ ಜಾಗದಲ್ಲಿ ಮೂರು ಗುರುತು, ಚಿಪ್ಪಿನ ಮೇಲಿರೋ ಸಣ್ಣ ಸಣ್ಣ ಗೆರೆ ಕೂಡ ಎಣಿಸಬಹುದು ಅಷ್ಟು ಸ್ಪಷ್ಟ. ಮಲಗಿದ್ದ ಬಟ್ಟಲಲ್ವಾ, ಮೇಲಿದ್ದ ಮೈಗೆ ಬೂದಿ ಕೂತು ಹಸಿರು ಗಾಜಾಗಿ ಕೆಳಕ್ಕೆ ಹರಿದಿದೆ, ಈಗ ಎದ್ದು ನಿಲ್ಲಿಸಿದ್ರೆ ಆ ಗಾಜು ಅಡ್ಡಡ್ಡ ಹರಿದ ಹಾಗೆ ಕಾಣುತ್ತೆ, ಜೋರು ಗಾಳೀಲಿ ಮಳೆ ಓರೆಯಾಗಿ ಬಿದ್ದ ಹಾಗೆ. ಒಂದು ಹನಿ ಸೊಂಟದ ಹತ್ರ ಪಕ್ಕಕ್ಕೆ ಮುಖ ಮಾಡಿ ನಿಂತಿದೆ. ಬಟ್ಟಲ ಒಳಗೂ ಬೂದಿ ಬಿದ್ದಿದೆ, ಆದ್ರೆ ಕೆಳಗಿದ್ದ ಗೋಡೆ ಮೇಲೆ, ಅಂದ್ರೆ ಹೊರಗೆ ಚಿಪ್ಪಿನ ಗುರುತು ಇರೋ ಗೋಡೆಯ ಒಳಗಡೆ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಹಸಿರು ಕೊಳ.

ಮನೆಗೆ ತಂದು ಮೊದಲು ಕಾಲಿನ ಅಡಿ ಮರಳು ಕಾಗದದಲ್ಲಿ ಉಜ್ಜಿದೆ, ಗಾಜಿನ ಚೂರು ಚಾಪೆ ಗೀರಬಾರದು ಅಂತ. ಒಂದು ದಿನ ನೀರಲ್ಲಿ ನೆನೆಸಿಟ್ಟೆ. ಗಾಜಿಲ್ಲದ ಕಡೆ ಮಣ್ಣು ನೀರು ಕುಡಿಯುತ್ತೆ, ಪ್ರತಿ ಸಲ ಚಹಾ ಹಾಕೋ ಮುಂಚೆ ಬೆಚ್ಚಗಿನ ನೀರಲ್ಲಿ ಅದ್ದಬೇಕು, ಇಲ್ಲಾಂದ್ರೆ ಚಹಾದ ಕಲೆ ಒಮ್ಮೆಲೇ ಹಿಡಿಯುತ್ತೆ. ಸೋಪು ಹಾಕಬಾರದು, ತೊಳೆದ ಮೇಲೆ ಎರಡು ಮೂರು ದಿನ ಗಾಳಿಗೆ ಇಟ್ಟು ಪೂರ್ತಿ ಒಣಗಿಸಿನೇ ಒಳಗಿಡಬೇಕು, ಇಲ್ಲಾಂದ್ರೆ ಬೂಸ್ಟು. ಇದೆಲ್ಲ ಕೆಳಗಿನ ಮನೆ ಅಜ್ಜಿ ಹೇಳಿಕೊಟ್ಟಿದ್ದು.

ಅವರ ಮನೆಗೇ ಮೊದಲು ತಗೊಂಡು ಹೋದೆ. ಬಟ್ಟಲಿಗೆ ಮುಖ ಅಂತ ಒಂದು ಕಡೆ ಇರುತ್ತೆ, ಕೊಡೋವಾಗ ಮುಖ ಅತಿಥಿ ಕಡೆಗೆ, ಅತಿಥಿ ಆ ಮುಖದ ಕಡೆಯಿಂದ ಕುಡಿಯಲ್ಲ, ಎರಡು ಸಲ ತಿರುಗಿಸಿ ಮುಖ ಆಚೆ ಮಾಡಿ ಕುಡೀತಾರೆ. ನಾನಂತೂ ಹಸಿರು ಗಾಜಿನ ಕಡೆನೇ ಮುಖ ಅಂದ್ಕೊಂಡಿದ್ದೆ, ಹಾಗೇ ಅವರ ಮುಂದೆ ಇಟ್ಟೆ. ಅಜ್ಜಿ ಎತ್ತಿ, ಮಗುಚಿ, ಹೆಬ್ಬೆರಳಲ್ಲಿ ಚಿಪ್ಪಿನ ಗೆರೆಗಳನ್ನ ಒಂದೊಂದಾಗಿ ಮುಟ್ಟಿ ನೋಡಿದ್ರು. ಒಳಗೆ ನೋಡಿದ್ರು. ಏನೂ ಹೇಳದೆ ಎರಡು ಗ್ರಾಂ ಮಾಚ್ಚಾ ಹಾಕಿ, ನೀರು ಬಿಟ್ಟು, ಕಡೆದು, ನನ್ನ ಮುಂದೆ ಇಟ್ರು. ನನ್ನ ಕಡೆಗೆ ಇದ್ದಿದ್ದು ಚಿಪ್ಪಿನ ಗುರುತಿನ ಒರಟು ಕಡೆ.

ಎರಡು ಸಲ ತಿರುಗಿಸಿ ಬಾಯಿಗೆ ಇಟ್ಟೆ. ತುಟಿಗೆ ತಾಗಿದ್ದು ನುಣ್ಣಗಿನ ಗಾಜು. ಒಂದು ಗುಟುಕು, ಎರಡು ಗುಟುಕು, ಬಟ್ಟಲು ಎತ್ತುತ್ತಾ ಹೋದ ಹಾಗೆ ಚಹಾ ಕೆಳಗೆ ಇಳಿದು, ಎದುರಿನ ಗೋಡೇಲಿ ನೊರೆ ಕೆಳಗಿಂದ ಆ ಹಸಿರು ಕೊಳ ನಿಧಾನಕ್ಕೆ ಮೇಲೆ ಬಂತು.

ಬಟ್ಟಲು ಕೆಳಗಿಟ್ಟಾಗ ಅಜ್ಜಿ ಆಗಲೇ ಎದ್ದು ಅತಿಥಿ ಕೂರೋ ಜಾಗಕ್ಕೆ ಬಂದು ಕೂತಿದ್ರು. "ಈಗ ನನಗೆ ನೀವು ಮಾಡಿ ಕೊಡಿ" ಅಂದ್ರು.